ಬಿಳಿ ಮೂರರ ಹುಡುಗಿ

ಶೇಡಬಾಳ
12 ಜುಲೈ 1987

ಗುರುಗಳಾದ ವಿರುಪಾಕ್ಷಪ್ಪ ಮಾಸ್ತರರ ಪಾದಕ್ಕೆ ಹಣೆ ಹಚ್ಚಿ, ಹತ್ತನೆಯ ಇಯತ್ತೆಯ ಶೇವಂತಾ ಬರೆಯುವುದು.

ನೀವು ನಮ್ಮ ಹೈಸ್ಕೂಲು ಬಿಟ್ಟು ವರ್ಗವಾಗಿ ಹೋಗಿ ಇಂದಿಗೆ ಮೂವತ್ತನಾಲ್ಕು ದಿನ. ಗುಂಡ್ಲುಪೇಟೆ ಎಲ್ಲಿದೆ ಎಂದು ಶಾಲೆಯ ನಕಾಶೆಯಲ್ಲಿ ಹುಡುಕಿದೆ. ನಮ್ಮ ಊರು ಮೇಲಿನ ಅಂಚಿಗಿದೆ, ನಿಮ್ಮದು ಕೆಳಗಿನ ಅಂಚಿಗೆ. ಸರಕಾರದವರು ಇನ್ನೊಂದಿಷ್ಟು ದೂಡಿದ್ದರೆ ನೀವು ತಮಿಳುನಾಡಿನೊಳಗೆ ಬೀಳುತ್ತಿದ್ದಿರಿ.

ನಿಮ್ಮ ಜಾಗಕ್ಕೆ ಗಂಗಾರಾಮ ಮಾಸ್ತರರು ಬಂದಿದ್ದಾರೆ. ನಿಪ್ಪಾಣಿಯವರು. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಹೊಡೆಯುವುದಿಲ್ಲ. ಹಾರ್ಮೋನಿಯಂ ಪೇಟಿಯನ್ನು ನಿಮಗಿಂತ ಚೆನ್ನಾಗಿ ನುಡಿಸುತ್ತಾರೆ, ಸಿಟ್ಟಾಗಬೇಡಿರಿ. ಆದರೆ ಒಂದು ತಂಟೆ ಎದ್ದಿದೆ.

ಬಂದ ಎರಡನೆಯ ದಿನ ನನ್ನನ್ನು ಹಾಡಲು ಕೂಡಿಸಿದರು. ನೀವು ಕಲಿಸಿದಂತೆ ಪೇಟಿಯ ಬಿಳಿ ಮನೆಗಳಲ್ಲಿ ಮೂರನೆಯದನ್ನು ಷಡ್ಜ ಮಾಡಿಕೊಂಡು ಭೀಮಪಲಾಸ ರಾಗ ಶುರು ಮಾಡಿದೆ. ಮಂದ್ರದ ನಿಷಾದಕ್ಕೆ ಇಳಿಯುವುದರೊಳಗೆ ಕೈ ಎತ್ತಿ ನಿಲ್ಲಿಸಿದರು.

"ಅಗ ಪೋರಿ, ಇದ ಯಾರ ದನಿ? ನಿಮ್ಮಪ್ಪನ್ನ ಕರಕೊಂಡ ಬಂದಿಯೇನ?"

ವರ್ಗವೆಲ್ಲ ನಕ್ಕಿತು. ನಾನು ನಗಲಿಲ್ಲ.

"ಬಿಳಿ ಮೂರು ಗಂಡಸರ ಪಟ್ಟಿ. ಹೆಣ್ಣಮಕ್ಕಳದು ಕಾಳೀ ಚಾರ. ನಾಳಿಂದ ನೀ ಅಲ್ಲೇ ಹಾಡಬೇಕ" ಎಂದರು.

ಕಾಳೀ ಚಾರ ಎಂದರೆ ನಮ್ಮ ಕರಿ ನಾಲ್ಕು. ಆ ಶ್ರುತಿ ನನ್ನ ದನಿಗಿಂತ ಎಷ್ಟು ಮೇಲಿದೆ ಎಂಬುದು ನಿಮಗೆ ಗೊತ್ತು. ಅಲ್ಲಿ ಷಡ್ಜ ಹಿಡಿದು ತಾರದ ಗಾಂಧಾರಕ್ಕೆ ಹೋದರೆ ನಾನು ಹಾಡುವುದಿಲ್ಲ, ಚೀರುತ್ತೇನೆ. ಡಿಸೆಂಬರಿನಲ್ಲಿ ಅಥಣಿಯಲ್ಲಿ ಹೈಸ್ಕೂಲುಗಳ ಶಾಸ್ತ್ರೀಯ ಗಾಯನ ಸ್ಪರ್ಧೆ ಇದೆ. ಶಾಲೆಯಿಂದ ಒಬ್ಬರೇ ಹೋಗಬೇಕು. ನನ್ನ ಹೆಸರನ್ನೇ ಕೊಡುತ್ತಾರಂತೆ, ಆದರೆ ಕರಿ ನಾಲ್ಕರಲ್ಲಿ ಹಾಡುವುದಾದರೆ ಮಾತ್ರ. ನೀವು ಅವರಿಗೆ ಒಂದು ಚೀಟಿ ಬರೆಯಿರಿ. 'ಇದು ಈ ಹುಡುಗಿಯ ದನಿ, ಇಲ್ಲೇ ಹಾಡಲಿ' ಎಂದು ಒಂದು ಸಾಲು ಬರೆದರೆ ಸಾಕು.

ಅಪ್ಪ ಮಳೆಗಾಲಕ್ಕೆ ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೋಗಿದ್ದಾನೆ. ಮನೆಯಲ್ಲಿ ಅವ್ವ, ಅಪ್ಪನ ತಾಯಿ ಮಲಕವ್ವ ಆಯಿ ಮತ್ತು ನಾನು. "ಮಾಸ್ತರಗ ಅಲ್ಲಿ ರೊಟ್ಟಿ ಸಿಗತಾವೋ ಇಲ್ಲೋ ಕೇಳ" ಎಂದು ಆಯಿ ಹೇಳಿದ್ದಾಳೆ. ಕೇಳಿದ್ದೇನೆ.

ನಿಮ್ಮ ಶಿಷ್ಯೆ
ಶೇವಂತಾ


ಗುಂಡ್ಲುಪೇಟೆ
2 ಆಗಸ್ಟ್ 1987

ಚಿರಂಜೀವಿ ಶೇವಂತಾಳಿಗೆ ವಿರುಪಾಕ್ಷಪ್ಪನ ಹಾರೈಕೆ.

ರೊಟ್ಟಿ ಸಿಗುವುದಿಲ್ಲ ಎಂದು ಆಯಿಗೆ ತಿಳಿಸು. ಇಲ್ಲಿ ರಾಗಿ ಮುದ್ದೆ. ಅದನ್ನು ಅಗಿಯಬಾರದಂತೆ, ನುಂಗಬೇಕಂತೆ. ಮೊದಲ ದಿನ ನಾನು ಅಗಿಯುತ್ತ ಕೂತದ್ದನ್ನು ನೋಡಿ ಖಾನಾವಳಿಯವನು ಒಳಗಿನಿಂದ ಹೆಂಡತಿಯನ್ನು ಕರೆದು ತೋರಿಸಿದ. ನಾನು 'ಹೌದ್ರಿ' ಎಂದರೆ ಮಕ್ಕಳು ನಗುತ್ತಾರೆ. ಇವರದು ಕರ್ನಾಟಕ ಸಂಗೀತ. ಶ್ರುತಿಯನ್ನು ಒಂದು ಮನೆ, ಐದು ಮನೆ ಎಂದು ಎಣಿಸುತ್ತಾರೆ. ಹಿಂದೂಸ್ತಾನಿಯವನನ್ನು ಇಲ್ಲಿಗೆ ಏಕೆ ಕಳಿಸಿದರು ಎಂದು ಹೆಡ್ಮಾಸ್ತರರೇ ನನ್ನನ್ನು ಕೇಳುತ್ತಾರೆ. ಬೆಳಿಗ್ಗೆ ಪ್ರಾರ್ಥನೆ ಹೇಳಿಸುತ್ತೇನೆ, ಉಳಿದ ಹೊತ್ತು ಬಾರದ ಮಾಸ್ತರರ ವರ್ಗಗಳನ್ನು ಕಾಯುತ್ತೇನೆ. ಇದರ ಬಗ್ಗೆ ಹೆಚ್ಚು ಬರೆಯುವುದು ಬೇಡ.

ಗಂಗಾರಾಮರು ತಿಳಿದವರು. ಅವರು ಹೇಳಿದಂತೆ ಕೇಳು. ಚೀಟಿಯ ಮಾತು ಮುಂದೆ ನೋಡೋಣ.

ಮಳೆಗಾಲದಲ್ಲಿ ಶಾಲೆಯ ತಂಬೂರಿಯನ್ನು ಗೋಡೆಗೆ ಆನಿಸಿ ಇಡಬೇಡಿರಿ. ಕಂಬಳಿ ಹೊದಿಸಿರಿ. ಗಣಿತದ ಕಡೆಗೂ ಲಕ್ಷ್ಯವಿರಲಿ.

ವಿರುಪಾಕ್ಷಪ್ಪ


ಶೇಡಬಾಳ
23 ಆಗಸ್ಟ್ 1987

ಗುರುಗಳಿಗೆ ಶೇವಂತಾಳ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ತಿಳಿಯಿತು, ನೀವು ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ. ಎಂಟನೆಯ ಇಯತ್ತೆಯಲ್ಲಿ ನೀವು ಬೇಕೆಂದೇ ತಾಳ ತಪ್ಪಿಸುತ್ತಿದ್ದಿರಿ. ನನ್ನ ಪಕ್ಕ ಕೂಡುತ್ತಿದ್ದ ಸಾವಕ್ಕ ಮತ್ತು ಉಳಿದವರು ನಿಮ್ಮ ಕೈ ನೋಡಿ ತಾವೂ ತಪ್ಪುತ್ತಿದ್ದರು. ನಾನೊಬ್ಬಳು ಕಣ್ಣು ಮುಚ್ಚಿ ಸರಿಯಾದ ಸಮಕ್ಕೆ ಬರುತ್ತಿದ್ದೆ. "ಭೇಷ್, ಗುರು ತಪ್ಪಿದರೂ ನೀ ತಪ್ಪಲಿಲ್ಲ" ಎಂದು ನೀವೇ ಅಂದಿದ್ದಿರಿ. 'ಗಂಗಾರಾಮರು ಹೇಳಿದಂತೆ ಕೇಳು' ಎಂಬುದೂ ಅಂಥದ್ದೇ. ನಾನು ಕಣ್ಣು ಮುಚ್ಚಿಕೊಂಡಿದ್ದೇನೆ.

ಮೊನ್ನೆ ಗಂಗಾರಾಮ ಮಾಸ್ತರರಿಗೆ ಹೇಳಿಯೇ ಬಿಟ್ಟೆ. "ಸರ್, ನಂಗ ಆ ಪಟ್ಟಿ ಹೊಂದಂಗಿಲ್ರಿ."

"ಹೊಂದಿಸ್ಕೋಬೇಕ."

"ಚಪ್ಪಲಿ ಸಣ್ಣದಾದ್ರ ಕಾಲ ಕೊಯ್ಕೊಳ್ಳಾಕ ಬರತೈತೇನ್ರಿ?"

ಮಾತು ಜಾಸ್ತಿಯಾಯಿತು ಎಂದು ಹೊರಗೆ ನಿಲ್ಲಿಸಿದರು. ಹೊರಗೆ ಬೇವಿನ ಗಿಡದ ನೆರಳಿತ್ತು, ತಂಪಾಗಿತ್ತು. ಅಲ್ಲೇ ಮಂದ್ರದ ಪಂಚಮ ಹಿಡಿದು ನಿಂತೆ. ಒಳಗೆ ಹುಡುಗಿಯರು ಕರಿ ನಾಲ್ಕರಲ್ಲಿ ಹಾಡುತ್ತಿದ್ದರು, ಹೊರಗೆ ನಾನು ಬಿಳಿ ಮೂರರಲ್ಲಿ. ಕಡೆಗೆ ಅವರೇ ಕಿಟಕಿಗೆ ಬಂದು ಬಾಯಿ ಮುಚ್ಚು ಎಂದರು.

ಅಪ್ಪ ಮನೆಯಲ್ಲಿ ಬಿಟ್ಟುಹೋದ ನಾಲ್ಕಾರು ಕುರಿ ಯಾರದಾದರೂ ಕಬ್ಬಿನೊಳಗೆ ನುಗ್ಗಿದರೆ ಅವ್ವ ಎಷ್ಟು ಕೂಗಿದರೂ ಬರುವುದಿಲ್ಲ. ಎತ್ತರದ ದನಿಗೆ ಅವು ಇನ್ನೂ ಒಳಗೆ ಓಡುತ್ತವೆ. ಆಯಿ ಇಲ್ಲವೇ ನಾನು ಕರೆದರೆ ತಿರುಗುತ್ತವೆ. ಇದನ್ನು ಸ್ಪರ್ಧೆಯವರಿಗೆ ಹೇಳಲು ಬರುವುದಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಪರೀಕ್ಷೆ ಮುಗಿದಿದ್ದರೆ ಚೀಟಿ ಕಳಿಸಿರಿ.

ಶೇವಂತಾ


ಗುಂಡ್ಲುಪೇಟೆ
13 ಸೆಪ್ಟೆಂಬರ್ 1987

ಶೇವಂತಾ,

ಇದು ಪರೀಕ್ಷೆಯಲ್ಲ. ನಾನು ಯಾವ ಚೀಟಿಯನ್ನೂ ಕಳಿಸುವುದಿಲ್ಲ. ಗಂಗಾರಾಮರು ಹೇಳಿದ ಪಟ್ಟಿಯಲ್ಲಿ ಹಾಡು. ಗುರುವಿಗೆ ಎದುರು ಮಾತನಾಡುವುದನ್ನು ನಾನು ನಿನಗೆ ಕಲಿಸಿಲ್ಲ. ನನ್ನ ಮೇಲೆ ಗೌರವವಿದ್ದರೆ ಈ ವಿಷಯ ಮತ್ತೆ ಎತ್ತಬೇಡ.

ವಿರುಪಾಕ್ಷಪ್ಪ


ಶೇಡಬಾಳ
1 ನವೆಂಬರ್ 1987

ಮಾಸ್ತರರಿಗೆ,

ಏಳು ವಾರ ನಾನು ಬರೆಯಲಿಲ್ಲ. ನೀವೂ ಏಕೆ ಎಂದು ಕೇಳಲಿಲ್ಲ. ಈಗ ಹೇಳುತ್ತೇನೆ.

ನಿಮ್ಮ ಮಾತು ಕೇಳಿದೆ. ಪತ್ರ ಬಂದ ಮರುದಿನವೇ ಗಂಗಾರಾಮ ಮಾಸ್ತರರ ಮುಂದೆ ಹೋಗಿ "ಕರಿ ನಾಲ್ಕ ಕೊಡ್ರಿ" ಎಂದೆ. ಅವರಿಗೆ ಸಂತೋಷವಾಯಿತು. ಶಾಲೆಯಲ್ಲಿ ಒಂದು ತಾಸು, ಮನೆಯಲ್ಲಿ ಎರಡು ತಾಸು ಅದೇ ಪಟ್ಟಿಯಲ್ಲಿ ಹಾಡಿದೆ. ಗೌರವವಿದ್ದರೆ ಎಂದು ಬರೆದಿದ್ದಿರಲ್ಲ, ನನಗೆ ಗೌರವವಿತ್ತು. ಹದಿನೆಂಟನೆಯ ದಿನ ಗಂಟಲು ಮುಚ್ಚಿತು. ಒಂಬತ್ತು ದಿನ ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ನೀರು ಬೇಕೆಂದರೆ ಲೋಟ ಬಡಿಯುತ್ತಿದ್ದೆ. ಅವ್ವ ಅತ್ತಳು. ಉಗಾರದ ಡಾಕ್ಟರರು ನೋಡಿ "ಏನ ಒದರಾಡಿದೀ ತಂಗಿ?" ಎಂದು ಕೇಳಿದರು. 'ಗುರುಗಳು ಹೇಳಿದರು, ಒದರಿದೆ' ಎಂದು ಹೇಳಲು ನನಗೆ ದನಿ ಇರಲಿಲ್ಲ.

ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದ ದಿನ ತಬಲಾದ ಸುತ್ತಿಗೆ ತರಲು ಗಂಗಾರಾಮ ಮಾಸ್ತರರು ನನ್ನನ್ನು ಕಪಾಟಿಗೆ ಕಳಿಸಿದರು. ಅಲ್ಲಿ ರಾಗಗಳ ವಹಿಯೊಳಗಿನಿಂದ ಒಂದು ಅಂತರ್ದೇಶಿ ಪತ್ರ ಹೊರಗೆ ಇಣುಕುತ್ತಿತ್ತು. ನಿಮ್ಮ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ? ಬೇರೆಯವರ ಪತ್ರ ಓದುವುದು ತಪ್ಪು. ಓದಿದೆ.

ಜೂನ್ ಇಪ್ಪತ್ತಕ್ಕೆ ಬರೆದದ್ದು. ಚೀಟಿ ಕಳಿಸಿರಿ ಎಂದು ನಾನು ಬೇಡುವುದಕ್ಕಿಂತ ಮೊದಲೇ ನೀವು ಚೀಟಿ ಕಳಿಸಿದ್ದಿರಿ. 'ಶೇವಂತಾ ಎಂಬ ಹುಡುಗಿಗೆ ಒಳ್ಳೆಯ ಕಿವಿ ಇದೆ. ಆದರೆ ದನಿ ಕೆಟ್ಟಿದೆ. ಕರಿ ನಾಲ್ಕಕ್ಕೆ ತಂದು ಸರಿ ಮಾಡಿರಿ. ನಾನು ಹೇಳಿದೆನೆಂದು ಆಕೆಗೆ ತಿಳಿಯುವುದು ಬೇಡ.'

ನಾಲ್ಕೂ ಸಾಲು ಬಾಯಿಪಾಠವಾಗಿದೆ.

ಗಂಗಾರಾಮ ಮಾಸ್ತರರ ಮೇಲೆ ಇಷ್ಟು ದಿನ ಸಿಟ್ಟು ಮಾಡಿದೆ. ಪಾಪ, ಅವರು ನಿಮ್ಮ ಮಾತನ್ನೇ ನಡೆಸುತ್ತಿದ್ದರು. ನನ್ನ ದನಿ ಕೆಟ್ಟಿದೆ ಎಂದು ನಿಮಗೆ ಅನ್ನಿಸಿದ್ದರೆ ಎರಡು ವರ್ಷ ಎದುರಿಗೆ ಕೂಡಿಸಿಕೊಂಡು ಭೇಷ್ ಎಂದು ಏಕೆ ಅಂದಿರಿ? ಹೋಗುವ ದಿನ ಸ್ಟೇಷನ್ನಿನಲ್ಲಿ ನನ್ನ ತಲೆಯ ಮೇಲೆ ಕೈ ಇಟ್ಟಾಗಲೂ ನಿಮ್ಮ ಮನಸ್ಸಿನಲ್ಲಿ ಇದೇ ಇತ್ತೇ? ಉತ್ತರ ಬರೆಯಿರಿ. ಮುದ್ದೆಯ ಸುದ್ದಿ ಬೇಡ.

ಶೇವಂತಾ


ಗುಂಡ್ಲುಪೇಟೆ
12 ನವೆಂಬರ್ 1987

ಶೇವಂತಾ,

ನಿನ್ನ ಪತ್ರ ಓದಿ ಎರಡು ದಿನ ಶಾಲೆಗೆ ಹೋಗಲಿಲ್ಲ. ಒಂಬತ್ತು ದಿನ ನಿನ್ನ ದನಿ ನಿಂತದ್ದು ನನ್ನಿಂದ. ಕ್ಷಮಿಸು ಎಂದು ಕೇಳಲೂ ಮುಖವಿಲ್ಲ. ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ.

ನಾನು ನಿಮ್ಮ ಶಾಲೆಗೆ ಬಂದಾಗ ಅಲ್ಲಿಯ ತಂಬೂರಿಗೆ ಗಂಡುದನಿಯ ದಪ್ಪ ತಂತಿ ಹಾಕಿದ್ದರು. ನಿಮ್ಮ ವರ್ಗದ ಹುಡುಗಿಯರಿಗಾಗಿ ಕರಿ ನಾಲ್ಕಕ್ಕೆ ಏರಿಸಲು ಬಿರಡೆ ತಿರುವಿದೆ, ತಂತಿ ಹರಿಯಿತು. ಮಿರಜಕ್ಕೆ ಹೋಗಿ ಬೇರೆ ತಂದೆ. ಅದೂ ಹರಿಯಿತು. ತೆಳ್ಳಗಿನ ತಂತಿ ತಂದು, ಹುಡುಗಿಯರ ತಾಸಿಗೊಮ್ಮೆ, ಹುಡುಗರ ತಾಸಿಗೊಮ್ಮೆ ಬದಲಿಸಬೇಕಿತ್ತು. ಯಾರು ಆ ಉಸಾಬರಿ ಮಾಡುವವರು ಎಂದು ಆಲಸ್ಯ ಬಂದಿತು. ನನ್ನ ಸ್ವಂತ ಪಟ್ಟಿ ಬಿಳಿ ಮೂರು. ಹುಡುಗಿಯರೂ ಅಲ್ಲಿಗೇ ಇಳಿದು ಹಾಡಲಿ ಎಂದು ಬಿಟ್ಟುಬಿಟ್ಟೆ. ಶಾಲೆ ಬಿಟ್ಟ ಮೇಲೆ ನನ್ನ ರಿಯಾಜಿಗೂ ಅದು ಅನುಕೂಲವಾಯಿತು. ಎರಡು ವರ್ಷ ಆ ಬಿರಡೆಗಳನ್ನು ಮುಟ್ಟಲಿಲ್ಲ. ಉಳಿದವರು ವಾರಕ್ಕೆರಡು ತಾಸು ಹಾಡಿ ಮನೆಗೆ ಹೋಗುತ್ತಿದ್ದರು. ನೀನು ದಿನವೂ ಕೂತೆ, ಗಂಡಸಿನ ಪಟ್ಟಿಯಲ್ಲಿ.

ಕಳೆದ ಮಾರ್ಚಿನಲ್ಲಿ ಮಿರಜದ ನನ್ನ ಗೆಳೆಯರೊಬ್ಬರು ಬಂದು ನಿನ್ನ ಹಾಡು ಕೇಳಿದ್ದು ನೆನಪಿದೆಯೇ? ನಿನ್ನ ಮುಂದೆ ಹೊಗಳಿದರು. ಹೊರಗೆ ಬಂದ ಮೇಲೆ "ಹುಡುಗಿ ಭಾರೀ ಅದಾಳ. ಆದ್ರ ಆಕೀ ದನಿ ನೀ ಕೆಡಿಸಿಬಿಟ್ಟಿಯಲ್ಲೋ ವಿರುಪಾಕ್ಷಿ" ಎಂದರು. ಅಂದಿನಿಂದ ನೀನು ಹಾಡುವಾಗ ನನಗೆ ನಿನ್ನ ದನಿ ಕೇಳಿಸಲಿಲ್ಲ, ನನ್ನ ಆಲಸ್ಯವೇ ಕೇಳಿಸಿತು. ವರ್ಗದ ಆರ್ಡರ್ ಬಂದಾಗ ಓಡಾಡಿ ರದ್ದು ಮಾಡಿಸಬಹುದಿತ್ತು. ಮಾಡಿಸಲಿಲ್ಲ. ನಿನ್ನ ಎದುರು ಕೂಡುವುದು ಆಗದೆ ಹೊರಟುಬಂದೆ. ಇಲ್ಲಿಗೆ ಬಂದ ಮೇಲೆ ಒಂದು ದಿನವೂ ಹಾಡಿಲ್ಲ.

ಕರಿ ನಾಲ್ಕಕ್ಕೆ ತಂದರೆ ದನಿ ಮರಳುತ್ತದೆ ಎಂದುಕೊಂಡಿದ್ದೆ. ಈಗ ಅದೂ ಸುಳ್ಳಾಯಿತು. ಸ್ಪರ್ಧೆಗೆ ಹೋಗಬೇಡ, ಮಗಳೇ. ಗಂಟಲಿಗೆ ವಿಶ್ರಾಂತಿ ಕೊಡು. ಜನ ನಗುವುದನ್ನು ನೀನು ಸಹಿಸಬಾರದು. ಅದು ನನಗೆ ಸಲ್ಲಬೇಕಾದ ನಗೆ.

ವಿರುಪಾಕ್ಷಪ್ಪ


ಶೇಡಬಾಳ
22 ನವೆಂಬರ್ 1987

ಗುರುಗಳಿಗೆ,

ಸಿಟ್ಟು ಇಳಿದಿಲ್ಲ, ಆದರೂ ಮತ್ತೆ ಗುರುಗಳು ಎಂದು ಬರೆದಿದ್ದೇನೆ. ನಿಜ ಹೇಳಿದ್ದಕ್ಕೆ.

ನಿಮ್ಮ ಪತ್ರವನ್ನು ಆಯಿಗೆ ಓದಿ ಹೇಳಿದೆ. ಆಕೆ ಉಣ್ಣೆ ಹಿಂಜುತ್ತ ಕೂತಿದ್ದಳು. ತಂತಿ, ಬಿರಡೆ ಏನೂ ತಿಳಿಯಲಿಲ್ಲ. 'ನಾನೇ ಕೆಡಿಸಿದೆ' ಎಂಬ ಮಾತು ತಿಳಿಯಿತು. ಎಷ್ಟು ನಕ್ಕಳೆಂದರೆ ಕೆಮ್ಮು ಬಂದಿತು.

"ಏ ಹುಚ್ಚವ್ವಾ, ನಿಮ್ಮ ಮಾಸ್ತರಗ ಬರಿ. ಈ ದನಿ ನಂದೈತಿ. ಅವ್ರು ಹುಟ್ಟೂಕಿಂತ ಮೊದಲಿಂದ ಐತಿ. ಅವ್ರು ಯಾಕ ತಲಿ ಮ್ಯಾಲ ಹೊತ್ಕೊಂಡ ಕುಂತಾರ?"

ನೀವು ಆಯಿಯ ದನಿಯನ್ನು ಸರಿಯಾಗಿ ಕೇಳಿಲ್ಲ. ಮಾಸ್ತರರು ಮನೆಗೆ ಬಂದರೆ ಆಕೆ ಸೆರಗು ಬಾಯಿಗೆ ಹಿಡಿದು ಪಿಸುಗುಡುತ್ತಾಳೆ. ಹೋದ ತಿಂಗಳು ಕುರಿ ವ್ಯಾಪಾರಿ ಬಂದು ಹೊರಗಿನಿಂದ ಅಪ್ಪನ ಹೆಸರು ಹಿಡಿದು "ಭರಮು ಅದೀಯೇನೋ?" ಎಂದ. ಒಳಗಿನಿಂದ ಆಯಿ "ಇಲ್ಲಪಾ" ಎಂದಳು. "ನಿನ್ನ ದನಿ ನನಗ ಗುರುತ ಸಿಗಂಗಿಲ್ಲೇನ, ಹೊರಗ ಬಾರೋ" ಎಂದು ಆತ ಅಪ್ಪನಿಗೆ ಬೈಯುತ್ತ ಕಟ್ಟೆಯ ಮೇಲೆ ಕೂತ. ಆಯಿ ಹೊರಗೆ ಬಂದಾಗ ಎದ್ದು ಕೈ ಮುಗಿದ. ಆಯಿಗೆ ಯಾವ ಮಾಸ್ತರರು ಯಾವ ತಂಬೂರಿ ತಪ್ಪು ಶ್ರುತಿ ಮಾಡಿಕೊಟ್ಟಿದ್ದರು?

ಇನ್ನೊಂದು ಲೆಕ್ಕ ನೋಡಿರಿ. ಸಾವಕ್ಕನ ಮನೆ ಶಾಲೆಯ ಹಿಂದೆಯೇ ಇದೆ, ನೀವು ಮರೆತಿರಬೇಕು, ಆಕೆಯೂ ದಿನಾ ನನ್ನ ಜೊತೆ ಕೂಡುತ್ತಿದ್ದಳು. ಅದೇ ತಂಬೂರಿ, ಅದೇ ಬಿಳಿ ಮೂರು, ಅದೇ ಎರಡು ವರ್ಷ. ಈಗ ಕರಿ ಐದಕ್ಕೂ ಸಲೀಸಾಗಿ ಏರುತ್ತಾಳೆ. ಆಕೆಯದನ್ನು ಬಿಟ್ಟು ನನ್ನದನ್ನೇ ಹೇಗೆ ಕೆಡಿಸಿದಿರಿ? ಮಿರಜದವರು ಹೇಳಿದರಂತೆ, ನೀವು ನಂಬಿದಿರಂತೆ. ನನ್ನ ಮನೆಗೆ ಬಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನೀವು ಮಾಡಿದ ತಪ್ಪು ಒಂದೇ, ಕೇಳದೆ ಓಡಿಹೋದದ್ದು. ಅದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಸ್ಪರ್ಧೆಗೆ ಹೋಗುತ್ತೇನೆ. ನಿನ್ನೆ ಗಂಗಾರಾಮ ಮಾಸ್ತರರಿಗೆ ಎಲ್ಲ ಹೇಳಿದೆ, ಪತ್ರ ಓದಿದ್ದನ್ನೂ ಹೇಳಿದೆ. ಗಂಟಲು ಹೋದಂದಿನಿಂದ ಅವರು ನನ್ನ ಮುಖ ನೋಡಿ ಮಾತನಾಡುತ್ತಿರಲಿಲ್ಲ.

"ಬಿಳಿ ಮೂರರಾಗ ಹಾಡಿದ್ರ ನಂಬರ ಬರಂಗಿಲ್ಲ ಮಗಾ" ಎಂದರು.

"ಬ್ಯಾಡ್ರಿ."

"ಮಂದಿ ನಗತೈತಿ."

"ನಗಲಿ ಬಿಡ್ರಿ. ಹಾಡಾಕ ಕುಂತಾಕಿ ನಾನು."

ಪೇಟಿ ಒರೆಸಿ ಮುಚ್ಚುತ್ತ, "ಡಿಸೆಂಬರ್ ಹನ್ನೆರಡಕ್ಕ ಮುಂಜಾನೆ ಏಳರ ಬಸ್ಸ" ಎಂದರು.

ಶೇವಂತಾ


ಶೇಡಬಾಳ
13 ಡಿಸೆಂಬರ್ 1987

ಗುರುಗಳಿಗೆ,

ನಿನ್ನೆ ಅಥಣಿಗೆ ಹೋಗಿ ಬಂದೆವು. ನಂಬರು ಬರಲಿಲ್ಲ. ಮೊದಲೇ ಹೇಳಿಬಿಟ್ಟೆ, ನೀವು ಪತ್ರದ ಕೊನೆಗೆ ಹಾರಬಾರದು. ಪೂರ್ತಿ ಓದಿರಿ.

ಹದಿನಾಲ್ಕು ಮಂದಿ ಇದ್ದೆವು. ಒಬ್ಬೊಬ್ಬರಿಗೆ ಎಂಟು ನಿಮಿಷ. ಆರು ನಿಮಿಷಕ್ಕೆ ಒಂದು ಗಂಟೆ, ಎಂಟಕ್ಕೆ ಇನ್ನೊಂದು. ಹುಡುಗರನ್ನು ಊಟಕ್ಕೆ ಮೊದಲು ಮುಗಿಸಿ, ಮಧ್ಯಾಹ್ನ ತಂಬೂರಿಯನ್ನು ಕರಿ ನಾಲ್ಕಕ್ಕೆ ಮಾಡಿ ಹುಡುಗಿಯರನ್ನು ಸಾಲಾಗಿ ಕೂಡಿಸಿದರು. ನನ್ನದು ಹನ್ನೊಂದನೆಯ ಸರದಿ. ಮೂರು ಗಂಟೆಯ ಸುಮಾರಿಗೆ ಕರೆದರು. ಭೀಮಪಲಾಸಕ್ಕೆ ಸರಿಯಾದ ಹೊತ್ತು.

ಕೂತು, ಪೇಟಿಯವರಿಗೆ "ಬಿಳಿ ಮೂರು ಕೊಡ್ರಿ" ಎಂದೆ. ಮುಂದೆ ಮೈಕಿತ್ತು, ಎಲ್ಲರಿಗೂ ಕೇಳಿಸಿತು. ಹಿಂದೆ ಕೂತ ಹುಡುಗರು ನಗಲು ಶುರು ಮಾಡಿದರು.

ಪೇಟಿಯವರು ಬಗ್ಗಿ, "ತಂಗಿ, ಅದು ಗಂಡಸರ ಪಟ್ಟಿ" ಎಂದರು.

"ಪೇಟಿ ಮನಿ ಮ್ಯಾಲ ಗಂಡಸು, ಹೆಂಗಸು ಅಂತ ಬರದಿಲ್ರಿ."

"ತಂಬೂರಿ ಕರಿ ನಾಲ್ಕಕ್ಕ ಐತಿ. ಈಗ ಇಳಸಾಕ ಆಗಂಗಿಲ್ಲ. ನಿನ್ನ ಟೈಮ ಹೊಕ್ಕೈತಿ."

"ಹೋಗಲಿ ಬಿಡ್ರಿ, ನನ್ನ ಟೈಮ" ಎಂದು ತಂಬೂರಿ ಎಳೆದುಕೊಂಡೆ.

ನೀವು ಎರಡು ವರ್ಷ ಮುಟ್ಟದ ಕೆಲಸವನ್ನು ಇನ್ನೂರು ಜನರ ಮುಂದೆ ಮಾಡಿದೆ. ಒಂದೊಂದೇ ಬಿರಡೆ ಸಡಿಲಿಸುತ್ತ ಹೋದೆ. ಮೊದಲನೆಯದು ಪೂರ್ತಿ ಜಾರಿತು, ಮತ್ತೆ ಹತ್ತಿಸಿದೆ. ತಂತಿಯ ಕೆಳಗಿನ ಜವಾರಿ ದಾರ ಸರಿಸಿ ಸರಿಸಿ ದನಿ ಬಿಡಿಸಿದೆ. ನಗು ನಿಂತಿತು, ಆಮೇಲೆ ಗುಜುಗುಜು, ಆಮೇಲೆ ಅದೂ ನಿಂತಿತು. ನಾಲ್ಕೂ ತಂತಿ ಕೂಡಿದಾಗ ನನ್ನ ಆರು ನಿಮಿಷ ಮುಗಿದು ಗಂಟೆ ಬಾರಿಸಿತು. ಉಳಿದದ್ದು ಎರಡೇ ನಿಮಿಷ.

ಅವಸರ ಮಾಡಲಿಲ್ಲ. ಮಂದ್ರದ ಪಂಚಮಕ್ಕೆ ಇಳಿದೆ. ಆ ಸಭೆಯಲ್ಲಿ ಹಾಗೆ ಯಾರೂ ಇಳಿದಿರಲಿಲ್ಲ, ಇಳಿಯಲು ಅವರ ಪಟ್ಟಿಯಲ್ಲಿ ಜಾಗವಿತ್ತು, ಯಾರಿಗೂ ಧೈರ್ಯವಿರಲಿಲ್ಲ. ಅಲ್ಲಿ ನಿಂತೆ. ನಿಷಾದ ಹಚ್ಚಿ ಷಡ್ಜಕ್ಕೆ ಬಂದಾಗ ಪೇಟಿಯವರು ತಾವಾಗಿಯೇ ಬಿಳಿ ಮೂರು ಹಿಡಿದಿದ್ದರು. ಚೀಜು ಎತ್ತಿದೆ. ಹಾಡಿನ ಮೊದಲ ಅರ್ಧ, ಅಸ್ತಾಯಿ, ಒಂದು ಸಲ ಆಯಿತು. ಎರಡನೆಯ ಸಲದ ನಡುವೆ ಕೊನೆಯ ಗಂಟೆ ಹೊಡೆಯಿತು. ಪರೀಕ್ಷಕರು ಕೈ ಎತ್ತಿದರು. ಆವರ್ತನೆ ಅರ್ಧಕ್ಕೆ ಬಿಟ್ಟು ಏಳುವುದನ್ನು ನೀವು ಕಲಿಸಿಲ್ಲ. ಅವರ ಕೈ ನೋಡುತ್ತಲೇ ಅಂತರಾ ಹಾಡಿದೆ, ತಾರದ ಗಾಂಧಾರ ಮುಟ್ಟಿದೆ, ಚೀರಲಿಲ್ಲ. ಸಮಕ್ಕೆ ಬಂದು ನಿಲ್ಲಿಸಿ ನಮಸ್ಕಾರ ಮಾಡಿದೆ. ಚಪ್ಪಾಳೆ ತಟ್ಟಿದವರು ಸ್ವಲ್ಪ ಜನ. ನಕ್ಕವರು ಯಾರೂ ಇರಲಿಲ್ಲ.

ಗಂಗಾರಾಮ ಮಾಸ್ತರರು ನನ್ನ ಗುಣಪತ್ರಿಕೆ ತಂದು ತೋರಿಸಿದರು. 'ಕಾಲಮಿತಿ ಮೀರಿದೆ. ದನಿ ಹೆಣ್ಣಿಗೆ ತಕ್ಕುದಲ್ಲ' ಎಂದು ಬರೆದಿತ್ತು. ಬಸ್ಸು ಉಗಾರ ದಾಟಿದಾಗ ಅವರು ಕಿಟಕಿಯ ಕಡೆ ನೋಡುತ್ತ, "ಆ ಮಂದ್ರದ ಪಂಚಮ ನನಗ ಹತ್ತಂಗಿಲ್ಲ" ಎಂದರು.

ನನಗೆ ಅಳು ಬಂದದ್ದು ಮನೆಗೆ ಬಂದ ಮೇಲೆ, ಅದೂ ಸ್ವಲ್ಪ ಹೊತ್ತು.

ಶೇವಂತಾ


ಗುಂಡ್ಲುಪೇಟೆ
27 ಡಿಸೆಂಬರ್ 1987

ಪ್ರೀತಿಯ ಶೇವಂತಾ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇನ್ನೂರು ಜನರ ಮುಂದೆ ಬಿರಡೆಗೆ ಕೈ ಹಾಕುವ ಎದೆ ನನಗೆ ಈ ವಯಸ್ಸಿನಲ್ಲೂ ಇಲ್ಲ.

ಆದರೆ ಆ ಗುಣಪತ್ರಿಕೆಯ ಮಾತು ನನ್ನನ್ನು ಕೂಡಗೊಡುತ್ತಿಲ್ಲ. ಸ್ಪರ್ಧೆ ನಡೆಸಿದವರಿಗೆ ಒಂದು ಪತ್ರ ಸಿದ್ಧ ಮಾಡಿದ್ದೇನೆ. ಹುಡುಗಿಯ ತಪ್ಪಿಲ್ಲ, ಎರಡು ವರ್ಷ ಗಂಡುಪಟ್ಟಿಯಲ್ಲಿ ಹಾಡಿಸಿದವನು ನಾನು, ದನಿಯ ದೋಷಕ್ಕೆ ನಾನೇ ಹೊಣೆ, ಅದನ್ನು ಗಣನೆಗೆ ತೆಗೆದುಕೊಂಡು ಅವಳಿಗೆ ಇನ್ನೊಂದು ಅವಕಾಶ ಕೊಡಬೇಕು ಎಂದು ಬರೆದಿದ್ದೇನೆ. ಈ ಸಲ ನಿನ್ನಿಂದ ಮುಚ್ಚಿಡುವುದಿಲ್ಲ ಎಂದು ಮೊದಲೇ ತಿಳಿಸುತ್ತಿದ್ದೇನೆ. ನೀನು ಹೂಂ ಎಂದರೆ ಪೆಟ್ಟಿಗೆಗೆ ಹಾಕುತ್ತೇನೆ. ಆಯಿಯ ಮಾತು ಪ್ರೀತಿಯ ಮಾತು. ನನ್ನ ಭಾರ ಇಳಿಸಲು ಹೇಳಿದ್ದಾಳೆ ಎಂದು ನನಗೆ ಗೊತ್ತು.

ಬೇಸಿಗೆ ಸೂಟಿಗೆ ಅತ್ತ ಬರಬೇಕೆಂದಿದ್ದೇನೆ.

ವಿರುಪಾಕ್ಷಪ್ಪ


ಶೇಡಬಾಳ
10 ಜನವರಿ 1988

ಗುರುಗಳಿಗೆ,

ಹೂಂ ಅನ್ನುವುದಿಲ್ಲ. ಆ ಪತ್ರ ಹರಿದು ಹಾಕಿರಿ.

ನೀವು ಅದನ್ನು ಕಳಿಸಿದರೆ ಏನಾಗುತ್ತದೆ ಗೊತ್ತೇ? 'ದೋಷ' ಎಂದು ಪರೀಕ್ಷಕರು ಕೂಡ ಬರೆದಿಲ್ಲ. ಹೆಣ್ಣಿಗೆ ತಕ್ಕುದಲ್ಲ ಎಂದಷ್ಟೇ ಬರೆದಿದ್ದಾರೆ. ನೀವು ದೋಷ ಎಂದು ಬರೆದು ಕೆಳಗೆ ಗುರು ಎಂದು ಸಹಿ ಹಾಕುತ್ತೀರಿ. ಅವರು ಅಯ್ಯೋ ಪಾಪ ಎಂದು ನನ್ನನ್ನು ಇನ್ನೊಮ್ಮೆ ಕೂಡಿಸುತ್ತಾರೆ. ಕುಂಟ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ತಂದಂತೆ ನೀವು ನನ್ನನ್ನು ತರುತ್ತೀರಿ. ನಾನು ಕುಂಟುವುದಿಲ್ಲ.

ಆಯಿ ನಿಮ್ಮ ಭಾರ ಇಳಿಸಲು ಹೇಳಿದಳು ಎಂದು ಬರೆದಿದ್ದೀರಿ. ಓದಿ ಹೇಳಿದೆ. "ಅವ್ರ ಭಾರ ಇಳಸಾಕ ನನಗ ಬ್ಯಾರೆ ಕೆಲಸ ಇಲ್ಲೇನ?" ಎಂದಳು. ಆಕೆ ಕಂಡದ್ದನ್ನು ಹೇಳಿದಳು. ನೀವು ಮಿರಜದ ಗೆಳೆಯರ ಮಾತನ್ನು ಒಂದೇ ಸಲಕ್ಕೆ ನಂಬಿದಿರಿ, ಕುರಿ ಕಾಯುವ ಮುದುಕಿಯ ಮಾತನ್ನು ಪ್ರೀತಿಯ ಮಾತು ಎಂದು ಬದಿಗಿಟ್ಟಿರಿ. ಇದಕ್ಕೂ ಸಿಟ್ಟು ಬಂದಿದೆ.

ಮೇ ತಿಂಗಳಲ್ಲಿ ಸಂಗೀತದ ಜೂನಿಯರ್ ಪರೀಕ್ಷೆ ಇದೆ. ಅರ್ಜಿ ತುಂಬಿದ್ದೇನೆ. ಯಾವ ಪಟ್ಟಿ ಎಂದು ಯಾರೂ ಕೇಳಿಲ್ಲ, ಆದರೂ ಹೆಸರಿನ ಪಕ್ಕದಲ್ಲಿ ಬಿಳಿ ಮೂರು ಎಂದು ನಾನೇ ಬರೆದೆ. ಗಂಗಾರಾಮ ಮಾಸ್ತರರು ನೋಡಿದರು, ಅಳಿಸಲಿಲ್ಲ. ಅಲ್ಲಿಯೂ ನಂಬರು ಬರದಿದ್ದರೆ ಮುಂದಿನ ವರ್ಷ ಮತ್ತೆ ಕೂಡುತ್ತೇನೆ. ಅವರಿಗೆ ಬೇಸರವಾಗುವವರೆಗೆ ಕೂಡುತ್ತೇನೆ, ನನಗೇನು ಅವಸರ.

ನೀವು ಏಳು ತಿಂಗಳಿಂದ ಹಾಡಿಲ್ಲ ಎಂಬುದು ನನಗೆ ಸೇರಲಿಲ್ಲ. ನನ್ನ ಹೆಸರು ಹೇಳಿಕೊಂಡು ನೀವು ಹಾಡು ಬಿಡುವುದನ್ನು ನಾನು ಒಪ್ಪುವುದಿಲ್ಲ. ಆಲಸ್ಯವಿದ್ದರೆ ಆಲಸ್ಯ ಎನ್ನಿರಿ. ನಾಳೆಯಿಂದ ಕೂಡಿರಿ.

ಸೂಟಿಗೆ ಬರ್ರಿ. ಆಯಿ ರೊಟ್ಟಿ ಬಡಿಯುತ್ತಾಳೆ, ಈ ಸಲ ಸೆರಗು ಬಾಯಿಗೆ ಹಿಡಿಯಬಾರದು ಎಂದು ಹೇಳಿದ್ದೇನೆ. ಊಟವಾದ ಮೇಲೆ ನಾನು ಹಾಡುತ್ತೇನೆ. ತಾಳ ತಪ್ಪಿದರೆ ಬೈಯಿರಿ, ಸ್ವರ ಕದಲಿದರೆ ನಿಲ್ಲಿಸಿರಿ, ಮೊದಲಿನ ಹಾಗೆ ತೊಡೆಯ ಮೇಲೆ ಕೈ ಬಡಿದು ಹೆದರಿಸಿರಿ. ದನಿಯೊಳಗೆ ಮಾತ್ರ ನಿಮ್ಮ ತಪ್ಪನ್ನು ಹುಡುಕುತ್ತ ಕೂಡಬೇಡಿರಿ. ಅಲ್ಲಿ ನಾನೊಬ್ಬಳೇ ಇದ್ದೇನೆ.

ಶೇವಂತಾ